ಅಪ್ಪನಿಗೆ ಒಂದು ಜೊತೆ ಮೆಟ್ಟು

ಸಿಟ್ಟು ಬಂದರೆ ನಮ್ಮಕ್ಕನ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಬಲಗಿವಿ ಹಾಗೇ ಇರುತ್ತಿತ್ತು, ಮುಖ ಹಾಗೇ ಇರುತ್ತಿತ್ತು, ದನಿ ಮಾತ್ರ ಇನ್ನಷ್ಟು ತಗ್ಗುತ್ತಿತ್ತು. ಸಾವಿರದ ಒಂಬೈನೂರ ಐವತ್ತೊಂದನೆಯ ಇಸವಿ, ಡಿಸೆಂಬರ್ ಇಪ್ಪತ್ತನಾಲ್ಕು, ಬೆಳಿಗ್ಗೆ ಎಂಟು ಗಂಟೆ. ಬಳ್ಳಾರಿ ಪೇಟೆಯ ಚಪ್ಪಲಿ ಅಂಗಡಿಯೊಂದರ ಕಟ್ಟೆಯ ಮುಂದೆ ಆ ಕಿವಿ ಆಗಲೇ ಕೆಂಪಾಗಿತ್ತು. ಇದ್ದವರು ಮೂವರು: ಸಿರುಗುಪ್ಪದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕ, ಬಳ್ಳಾರಿಯ ಬೋರ್ಡಿಂಗಿನಲ್ಲಿದ್ದು ಶಿಕ್ಷಕಿಯ ತರಬೇತಿ ಮಾಡುತ್ತಿದ್ದ ನಾನು, ಮತ್ತು ಅಂಗಡಿಯ ಸಾಹೇಬರು.

ಅಕ್ಕ ಕೈಚೀಲದಿಂದ ಪಾದದ ಆಕಾರಕ್ಕೆ ಕತ್ತರಿಸಿದ ಕಾಗದ ತೆಗೆದು ಕಟ್ಟೆಯ ಮೇಲೆ ಹರಡಿದಳು.

"ಯಾರ ಪಾದ ಇದು ತಂಗೆವ್ವ, ಆನೀದಾ?" ಎಂದರು ಸಾಹೇಬರು.

"ನಮ್ಮಪ್ಪಂದು. ಊರಿಗೆಲ್ಲ ಮೆಟ್ಟು ಹೊಲಿಯಾತ."

"ಹೊಲಿಯಾತಗs ಮೆಟ್ಟು ಕೊಳ್ಳಾದಾ? ಮೀನಿಗೆ ನೀರು ಮಾರಿದಂಗಾತಲ್ಲವ್ವ!"

"ಹೌದ್ರಿ. ಮೆತ್ತನ್ನವು ತೋರಿಸ್ರಿ. ತಳ ದಪ್ಪ ಇರ್ಲಿ, ಮುಳ್ಳು ದಾಟಬಾರದು. ಒಳಗ ಮೊಳಿ ತುದಿ ಒಂದು ಕಂಡ್ರೂ ವಾಪಸು ತರ್ತೀನಿ."

ಸಾಹೇಬರು ನಗು ನಿಲ್ಲಿಸಿ ಒಳಗಿನಿಂದ ಬೇರೆ ಜೊತೆಗಳನ್ನು ತಂದರು. ಅಕ್ಕ ಒಂದೊಂದರ ಒಳಗೂ ಬೆರಳಾಡಿಸಿ ನೋಡಿ ಒಂದನ್ನು ಆರಿಸಿದಳು. ಅವ್ವನಿಗೆ ಪಕ್ಕದ ಅಂಗಡಿಯಲ್ಲಿ ಒಂದು ಉಣ್ಣೆಯ ಶಾಲು ತೆಗೆದುಕೊಂಡೆವು. ಅದು ನೇರ ಟ್ರಂಕಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ತಂದೆ ತಾಯಿಗೆ ಕ್ರಿಸ್ಮಸ್ಸಿಗೆ ಏನು ಕೊಡುವುದು ಎನ್ನುವುದು ನಮ್ಮ ಮನೆಯ ದೊಡ್ಡ ತಲೆನೋವಾಗಿತ್ತು. ಅಕ್ಕನಿಗೆ ಕೆಲಸ ಸಿಕ್ಕ ವರ್ಷದಿಂದ ಅವಳು ಏನಾದರೊಂದು ತರುತ್ತಲೇ ಇದ್ದಳು. ಛತ್ರಿ ತಂದಳು. ಅಪ್ಪ ಬಿಚ್ಚಿ, ಮುಚ್ಚಿ, ಕಡ್ಡಿ ಎಣಿಸಿ, "ಹಿಡಿಕಿ ಸಡ್ಲ ಐತಿ" ಎಂದು ತೊಲೆಗೆ ನೇತುಹಾಕಿದ. ಬಿಳಿ ರುಮಾಲು ತಂದಳು. "ನೂಲು ಹುರಿ ಇಲ್ಲ." ಮೆಟ್ಟು ತಂದದ್ದೂ ಉಂಟು. ಅವನ್ನಂತೂ ಮೂಸಿ ನೋಡಿ, "ಇದು ಹದ ಮಾಡಿದ ತೊಗಲಲ್ಲ, ಉಪ್ಪು ಸವರಿದ ತೊಗಲು" ಎಂದ. ಅವ್ವ ಎಲ್ಲಕ್ಕೂ ಒಂದೇ ಮಾತು ಹೇಳುತ್ತಿದ್ದಳು: "ನನಗ್ಯಾಕ? ನಿಮ್ಮಪ್ಪಗ ತರ್ರಿ." ಅಕ್ಕ ಬೇಸತ್ತು, "ಇವರಿಗೆ ದೇವದೂತ್ರು ಇಳಿದು ಬಂದು ಕೊಟ್ರೂ ಹೊಲಿಗಿ ಬಿಚ್ಚಿ ನೋಡ್ತಾರ" ಎನ್ನುತ್ತಿದ್ದಳು.

ಇದು ತಮಾಷೆಯಂತೆ ಕೇಳುತ್ತದೆ. ತಮಾಷೆ ಅಲ್ಲ. ಕುರುಗೋಡಿನಿಂದ ಆಚೆ ಇದ್ದ ನಮ್ಮ ಹಳ್ಳಿಯಲ್ಲಿ ನಮ್ಮ ಕೇರಿಯವರು ಚಾವಡಿಯ ಮುಂದೆ ಮೆಟ್ಟು ಹಾಕಿಕೊಂಡು ನಡೆಯುವಂತಿರಲಿಲ್ಲ, ಛತ್ರಿ ಬಿಚ್ಚುವಂತಿರಲಿಲ್ಲ, ತಲೆಗೆ ಬಿಳಿ ರುಮಾಲು ಸುತ್ತುವಂತಿರಲಿಲ್ಲ. ಊರ ಗಂಡಸರ ಕಾಲಿನಲ್ಲಿದ್ದ ಮೆಟ್ಟುಗಳನ್ನೆಲ್ಲ ಹೊಲಿದವನು ನಮ್ಮಪ್ಪ. ಅವನ ಕಾಲು ಬರಿಗಾಲು. ಇದು ನಮಗೂ ಗೊತ್ತಿತ್ತು. ನಮಗೆ ಗೊತ್ತಿದೆ ಎಂದು ಅಪ್ಪನಿಗೂ ಗೊತ್ತಿತ್ತು. ಮಕ್ಕಳ ಮುಂದೆ "ಅಂಜಿಕೆ" ಎಂಬ ಮಾತು ಬಾಯಿಗೆ ಬರಬಾರದೆಂದು ಅವನು ಹೊಲಿಗೆ ಸರಿಯಿಲ್ಲ ಎನ್ನುತ್ತಿದ್ದ. ನಾವೂ ಹೂಂ ಎನ್ನುತ್ತಿದ್ದೆವು. ಹಬ್ಬಕ್ಕೆ ಬಂದಾಗ ನಾವು ಅಕ್ಕತಂಗಿಯರು ಕೂಡ ಊರ ಹಿಂದಿನ ಜಾಲಿಯ ದಾರಿಯಲ್ಲೇ ಕೇರಿ ಸೇರುತ್ತಿದ್ದೆವು.

ಆ ವರ್ಷ ಹೂಂ ಎನ್ನಲು ಆಗದಂಥ ಕಾರಣ ಬಂತು. ದಸರೆಯ ರಜೆಯಲ್ಲಿ ಊರಿಗೆ ಹೋಗಿದ್ದ ಅಕ್ಕ, ಅಪ್ಪನ ಬಲಪಾದದ ಅಡಿಯಲ್ಲಿ ಕೀವು ತುಂಬಿದ್ದನ್ನು ನೋಡಿದಳು. ಒಳಗೆ ಜಾಲಿಮುಳ್ಳು ಮುರಿದು ಕೂತಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಸಿರುಗುಪ್ಪಕ್ಕೆ ಕರೆದೊಯ್ದು ತೋರಿಸಿದಾಗ ಸಕ್ಕರೆ ಕಾಯಿಲೆ ಎಂದರು. ಪಾದಗಳಲ್ಲಿ ಸ್ಪರ್ಶವೇ ಉಳಿದಿಲ್ಲ, ಇನ್ನೊಂದು ಮುಳ್ಳು ಹೀಗೇ ಹೊಕ್ಕರೆ ಕಾಲು ಕತ್ತರಿಸಬೇಕಾಗುತ್ತದೆ ಎಂದರು. ಗಾಯ ಅರ್ಧ ಮಾಯುವ ಹೊತ್ತಿಗೆ ಅಪ್ಪ ಹಟ ಮಾಡಿ ಊರಿಗೆ ಹೊರಟುಬಿಟ್ಟ. ಹೋದದ್ದು ಬರಿಗಾಲಲ್ಲಿ.

ಹಾಗಾಗಿ ಆ ಕಿವಿ ಬೆಳಿಗ್ಗೆಯೇ ಕೆಂಪಾಗಿತ್ತು.

ಕುರುಗೋಡಿನವರೆಗೆ ಬಸ್ಸು, ಅಲ್ಲಿಂದ ನಡಿಗೆ. ಮಧ್ಯಾಹ್ನ ಮನೆ ಸೇರಿದೆವು. ಅಪ್ಪ ಪಡಸಾಲೆಯಲ್ಲಿ ಕೂತು ಯಾರದೋ ಮೆಟ್ಟಿಗೆ ಹೆಬ್ಬೆರಳು ತೂರಿಸುವ ಉಂಗುಟ ಹಾಕುತ್ತಿದ್ದ. ಅಕ್ಕ ಹೊಸ ಜೊತೆಯನ್ನು ಅವನ ಮುಂದಿಟ್ಟಳು. ಅವನು ಎತ್ತಿಕೊಂಡು ಬಗ್ಗಿಸಿದ, ಮೂಸಿದ.

"ಹದ ಸಾಲದು."

"ಹೌದು, ಸಾಲದು. ಹಾಕ್ಕೋ."

"ದಾರಕ್ಕ ಮೇಣ ಹಚ್ಚಿಲ್ಲ."

"ಹಚ್ಚಿಲ್ಲ. ಹಾಕ್ಕೋ."

"ಎಡದ್ದು ಬಲದ್ದಕ್ಕಿಂತ ಒಂದು ನೂಲು ಉದ್ದ ಐತಿ."

"ಐತಿ. ನಿನ್ನ ಎಡಗಾಲೂ ಉದ್ದ ಐತಿ, ನಾನು ಅಳದೀನಿ. ಇನ್ನೇನೈತಿ ಹೇಳು, ಎಲ್ಲಾ ಹೇಳಿ ಮುಗಿಸು."

ಅಪ್ಪ ಮೆಟ್ಟುಗಳನ್ನು ಕೆಳಗಿಟ್ಟ. ನನ್ನ ಆಯುಷ್ಯದಲ್ಲಿ ಮೊದಲ ಸಲ ಆ ಅಂಜಿಕೆ ಅವನ ಬಾಯಿಂದ ಬಂತು: "ಚಾವಡಿ ಮುಂದ ಹೆಂಗ ಹೋಗ್ಲವ್ವ?"

ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡು ಹೊರಟಳು. ನಾನು ಹಿಂದೆ ಓಡಿದೆ. ಅವಳು ಹಿಂದಿನ ದಾರಿ ಹಿಡಿಯಲಿಲ್ಲ. ತನ್ನ ಚಪ್ಪಲಿಗಳನ್ನು ಹಾಕಿಕೊಂಡೇ ನೇರ ಊರ ಗೌಡರ ಮನೆಯ ಅಂಗಳಕ್ಕೆ ಹೋಗಿ ನಿಂತಳು. ಗೌಡರು ಜಗಲಿಯಲ್ಲಿ ನಾಲ್ಕಾರು ಜನರ ಜೊತೆ ಎಲೆ ಹಾಕುತ್ತ ಕೂತಿದ್ದರು. ಅವರ ಸೊಸೆಯ ಹೆರಿಗೆ ಕಷ್ಟವಾದಾಗ ಸಿರುಗುಪ್ಪದಲ್ಲಿ ಎರಡು ದಿನ ಕಣ್ಣು ಮುಚ್ಚದೆ ನೋಡಿಕೊಂಡವಳು ಇದೇ ಅಕ್ಕ.

"ಬಾರವ್ವ ನರ್ಸಮ್ಮ," ಎಂದರು. ಕಣ್ಣು ಅವಳ ಚಪ್ಪಲಿಯ ಮೇಲೆ ಹೋಯಿತು. "ನೀವು ನೌಕರಿ ಮಾಡೋರು, ನಿಮ್ಮ ಮಾತು ಬ್ಯಾರೆ. ಏನು ಬಂದಿ?"

"ಅಪ್ಪನ ಕಾಲು ನಿಮಗೂ ಗೊತ್ತೈತ್ರಿ. ಬರಿಗಾಲಾಗ ನಡದ್ರ ಕಾಲು ತಗೀಬೇಕಾಗ್ತೈತಿ ಅಂತ ಡಾಕ್ಟರು ಹೇಳ್ಯಾರ. ಇನ್ಮ್ಯಾಲ ಆತ ಮೆಟ್ಟು ಹಾಕ್ಕೊಂಡು ಈ ದಾರ್ಯಾಗs ತಿರಗ್ತಾನ."

"ಕೇಳಾಕ ಬಂದಿಯೋ, ಹೇಳಾಕ ಬಂದಿಯೋ?"

"ಹೇಳಾಕ್ರಿ."

ಕೂತವರು ಗೊಳ್ಳೆಂದರು. ಗೌಡರು ನಗಲಿಲ್ಲ. ಎಲೆಯನ್ನು ದವಡೆಗೆ ಸರಿಸಿ ನಿಧಾನವಾಗಿ ಹೇಳಿದರು: "ನೀನು ನಮ್ಮ ಮನಿಗೆ ಬೇಕಾದಾಕಿ. ಇಲ್ಲ ಅಂತ ಕಳಿಸಬಾರದು. ನಾಳಿ ನಿಮ್ಮ ಹಬ್ಬ ಅಲ್ಲೇನು? ನಾಳಿ ಒಂದಿನ ಹಾಕ್ಕೊಂಡು ಓಡಾಡ್ಲಿ, ಯಾರೂ ಏನೂ ಅನ್ನಾಂಗಿಲ್ಲ. ನಿಮ್ಮಪ್ಪಗ ಇದು ನನ್ನ ಕಡಿಂದ ಹಬ್ಬದ ಕಾಣಿಕಿ ಅಂತ ತಿಳ್ಕೋ."

"ಗೌಡ್ರದು ದೊಡ್ಡ ಮನಸು!" ಎಂದಿತು ಜಗಲಿ.

ಇಷ್ಟು ವಯಸ್ಸಾದ ಮೇಲೂ ಈ ಮಾತನ್ನು ನಾನು ಮರೆತಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮನುಷ್ಯ ನಮ್ಮಪ್ಪನ ಕಾಲನ್ನು ನಮ್ಮಪ್ಪನಿಗೇ ಒಂದು ದಿನದ ಮಟ್ಟಿಗೆ ದಾನ ಕೊಟ್ಟ. ಅದಕ್ಕೆ ನಾವು ಕೈ ಮುಗಿಯಬೇಕೆಂದು ಕಾದು ಕೂತಿದ್ದ. ಸಂವಿಧಾನ ಬಂದು ಎರಡು ವರ್ಷ ಆಗುತ್ತ ಬಂದಿತ್ತು. ಬೋರ್ಡಿಂಗಿನಲ್ಲಿ ಅದರ ಬಗ್ಗೆ ನಾನು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದೆ.

ಅಕ್ಕ ಕೈ ಮುಗಿಯಲಿಲ್ಲ. ತಿರುಗಿ ನಡೆದಳು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಕೇರಿ ಮುಟ್ಟಿತ್ತು. ಅಪ್ಪನ ಮುಖ ಅರಳಿತ್ತು. ಪ್ರಾರ್ಥನೆ ಮನೆಯ ಉಪದೇಶಿಯೂ ಬಂದು ಕೂತಿದ್ದ. "ನೋಡಿದಿರಾ, ಕರ್ತನು ಗೌಡರ ಹೃದಯ ಕರಗಿಸಿದ್ದಾನೆ" ಎಂದ.

"ಕರ್ತನ ಹೆಸರು ಇದರಾಗ ತರಬ್ಯಾಡ್ರಿ," ಎಂದಳು ಅಕ್ಕ. ದನಿ ಎಷ್ಟು ತಗ್ಗಿತ್ತೆಂದರೆ ಉಪದೇಶಿ ಮುಂದಕ್ಕೆ ಬಾಗಿ ಕೇಳಬೇಕಾಯಿತು. "ಅಪ್ಪಾ, ನಾಳಿ ನೀನು ಹಾಕ್ಕೊಂಡು ನಡದ್ರ ಅದು ಆತನ ಕಾಣಿಕಿ. ನಾಡದು ಮತ್ತ ಬರಿಗಾಲು. ನಡದ್ರ ಇವತ್ತು ನಡಿಬೇಕು. ಸಂಜಿ ಪ್ರಾರ್ಥನಿಗೆ, ಚಾವಡಿ ಮುಂದs."

"ಸಿಕ್ಕಿದ್ದನ್ನ ಯಾಕ ಕೆಡಿಸ್ತಿಯವ್ವ? ಈ ವರ್ಷ ಒಂದಿನ ಕೊಟ್ಟಾರ. ಬರೋ ವರ್ಷ ಎರಡು ದಿನ ಕೊಟ್ಟಾರು."

"ನಿನ್ನ ಕಾಲು ಬರೋ ವರ್ಷದ ತನಕ ಇರಾಂಗಿಲ್ಲ."

"ನಿನಗೇನು, ನಾಡದು ಸಿರುಗುಪ್ಪಕ್ಕ ಹೋಕ್ಕಿ. ಇಲ್ಲಿ ಬಾಳೇ ಮಾಡೋರು ನಾವು."

ಅಪ್ಪ ಹೇಳಿದ್ದು ನಿಜವೇ ಆಗಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ. ಆಗ ಒಲೆಯ ಮುಂದಿನಿಂದ ಅವ್ವ ಎದ್ದು ಬಂದಳು. ಶಾಲಿನ ಪೊಟ್ಟಣ ಬಿಚ್ಚದೆ ಗೂಡಿನಲ್ಲಿಟ್ಟಿದ್ದಳು.

"ವರ್ಷಾ ವರ್ಷಾ ಕೇಳ್ತಾರ ಈ ಹುಡಿಗೇರು, ಹಬ್ಬಕ್ಕ ಏನು ತರಬೇಕವ್ವ ಅಂತ," ಎಂದಳು ಅಪ್ಪನಿಗೆ. "ನಾನು ಏನೂ ಬ್ಯಾಡ ಅಂತೀನಿ. ಮದಿವ್ಯಾಗಿ ಬಂದಾಗಿಂದ ನಿನ್ನ ಕಾಲಾಗಿನ ಮುಳ್ಳು ತಗದೀನಿ. ಈಗ ನನಗ ಕಣ್ಣು ಕಾಣಾಂಗಿಲ್ಲ, ನಿನಗ ಮುಳ್ಳು ತಿಳಿಯಾಂಗಿಲ್ಲ. ಯಾರು ತಗೀಬೇಕು? ಈ ಸಲ ನನಗ ಬೇಕಾಗೈತಿ. ಇವತ್ತು ಹಾಕ್ಕೊಂಡು ನಡಿ. ನನ್ನ ಹಬ್ಬಕ್ಕ ಕೊಡು."

ಅಪ್ಪ ಅವಳ ಮುಖ ನೋಡಿದ. ಅಪ್ಪ ಎಡಗಾಲಿನ ಮೆಟ್ಟನ್ನು ಎತ್ತಿಕೊಂಡು, ಪಟ್ಟಿಯ ಬುಡಕ್ಕೆ ಮೇಣದ ದಾರದಿಂದ ಎರಡು ಹೊಲಿಗೆ ಹಾಕಿದ. ಹಲ್ಲಿನಿಂದ ದಾರ ಕಡಿದ. ಎರಡನ್ನೂ ಮೆಟ್ಟಿಕೊಂಡ.

ಹೊತ್ತು ಮುಳುಗುವ ಮುಂಚೆ ಹೊರಟೆವು. ಮುಂದೆ ಅಪ್ಪ, ಅವನ ಹಿಂದೆ ಅಕ್ಕ, ಅವ್ವನ ಕೈ ಹಿಡಿದು ನಾನು. ಕೇರಿಯವರು ಯಾರೂ ಜೊತೆಗೆ ಬರಲಿಲ್ಲ, ಉಪದೇಶಿ ಹಿಂದಿನ ದಾರಿಯಲ್ಲಿ ಹೋದ. ಹೊಸ ತೊಗಲು ಹೆಜ್ಜೆಗೊಮ್ಮೆ ಕಿರ್ರೆನ್ನುತ್ತಿತ್ತು. ಚಾವಡಿಯಲ್ಲಿ ಮಾತು ನಿಂತಿತು.

"ಲೇ, ನಾಳಿ ಅಂತ ಹೇಳಿದ್ನಲ್ಲಲೇ?" ಗೌಡರ ದನಿ.

ಅಪ್ಪ ನಿಂತ. ರೂಢಿಯಂತೆ ಸೊಂಟ ಬಾಗಿತು, ಕೈ ಕಾಲಿನ ಕಡೆ ಹೋಯಿತು. ಅಕ್ಕನ ಉಸಿರು ನನಗೆ ಕೇಳಿಸಿತು. ಅಪ್ಪನ ಕೈ ಮಂಡಿಯ ಮೇಲೆ ನಿಂತು, ಹಾಗೇ ಮೇಲೆ ಬಂತು.

"ಕಾಲು ಇವತ್ತs ನೋಯಾಕತ್ತೈತ್ರಿ ಗೌಡ್ರ," ಎಂದ.

ಯಾವ ನೋವೂ ತಿಳಿಯದ ಕಾಲು ಅದು. ಅಪ್ಪ ನಡೆದ. ಯಾರೋ ಉಗುಳಿದರು. "ಮಗಳಿಗೆ ನೌಕರಿ ಬಂದ್ರ ಅಪ್ಪಗ ಕೋಡು ಬರ್ತಾವ" ಎಂದರು ಇನ್ಯಾರೋ. ಹಿಂದಿನಿಂದ ಒಂದು ಮಣ್ಣಿನ ಹೆಂಟೆ ಬಂದು ಅವ್ವನ ಬೆನ್ನಿಗೆ ಬಡಿಯಿತು. ಅವ್ವ ತಿರುಗಿ ನೋಡಲಿಲ್ಲ, ನನ್ನ ಕೈಯನ್ನು ಗಟ್ಟಿಯಾಗಿ ಹಿಸುಕಿದಳು. ಪ್ರಾರ್ಥನೆ ಮುಗಿಸಿ ಅದೇ ದಾರಿಯಲ್ಲಿ ವಾಪಸು ಬಂದೆವು.

ಅದರ ಬೆಲೆ ಕೊಟ್ಟದ್ದೂ ಹೌದು. ಊರು ಅಪ್ಪನಿಗೆ ಕೆಲಸ ನಿಲ್ಲಿಸಿತು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಬರಬೇಕಾದ ಜೋಳ ಬರಲಿಲ್ಲ. ಅಕ್ಕ ಇಬ್ಬರನ್ನೂ ಸಿರುಗುಪ್ಪಕ್ಕೆ ಕರೆದುಕೊಂಡಳು. ಆಸ್ಪತ್ರೆಯ ಹಿಂದಿನ ಒಂದೇ ಕೋಣೆಯಲ್ಲಿ ಮೂವರೂ ಇದ್ದರು. ಅಪ್ಪ ಅಲ್ಲಿಯ ಸಂತೆಯಲ್ಲಿ ಕೂತು ಮೆಟ್ಟು ಹೊಲಿದ. ಎಷ್ಟೋ ವರ್ಷಗಳ ನಂತರ ಅವನನ್ನು ಮಣ್ಣಿಗಿಟ್ಟಾಗ ಅವನಿಗೆ ಎರಡೂ ಕಾಲು ಇದ್ದವು. ಅಕ್ಕ ಮದುವೆಯಾಗಲಿಲ್ಲ. ಆ ಕೋಣೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಅಕ್ಕ ತೀರಿಕೊಂಡಾಗ ಸಮಾಧಿಯ ಬಳಿ ಒಬ್ಬರು ಅವಳನ್ನು ತಾಳ್ಮೆಯ ಮೂರ್ತಿ ಎಂದರು, ಯಾರ ಮೇಲೂ ಸಿಟ್ಟು ಮಾಡಿಕೊಂಡವಳಲ್ಲ ಎಂದರು. ಜನ ಆಮೆನ್ ಎಂದರು. ನಾನು ಅನ್ನಲಿಲ್ಲ. ಆಕೆ ಬದುಕಿದಷ್ಟು ದಿನವೂ ಸಿಟ್ಟಿನಲ್ಲಿದ್ದಳು. ಆ ಸಿಟ್ಟನ್ನು ಹೊತ್ತುಕೊಂಡೇ ಹೊತ್ತಿಗೆ ಸರಿಯಾಗಿ ಡ್ಯೂಟಿ ಮಾಡಿದಳು, ಗಾಯ ತೊಳೆದಳು, ಅಪ್ಪನ ಕಾಲು ಉಳಿಸಿದಳು. ನಾನು ಪಾಠ ಹೇಳಿದ ಶಾಲೆಗಳಲ್ಲಿ ಕೇರಿಯ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸಿದ್ದು ಕಂಡಾಗಲೆಲ್ಲ ಎದ್ದು ಹೋಗಿ ಸಾಲು ಬದಲಾಯಿಸಿದ್ದೇನೆ. ಆ ಹೊತ್ತು ನನ್ನ ದನಿ ತಗ್ಗುತ್ತಿತ್ತು ಎಂದು ಜೊತೆಯವರು ಹೇಳುತ್ತಿದ್ದರು. ಅದು ಅವಳು ಕೊಟ್ಟದ್ದು.

ಆ ಸಂಜೆ ಪ್ರಾರ್ಥನೆಯಿಂದ ಬಂದ ಮೇಲೆ ಒಂದು ಕೆಲಸ ಬಾಕಿ ಇತ್ತು. ಅಕ್ಕ ನೀರು ಕಾಯಿಸಿ, ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ಗಾಯದ ಹಳೆಯ ಪಟ್ಟಿ ಬಿಚ್ಚಿದಳು. ನಾನು ದೀಪ ಹಿಡಿದೆ.

"ಮುಳ್ಳು ಐತೇನವ್ವ?"

"ಇಲ್ಲಪ್ಪ."

"ಚೆಂದಾಗಿ ನೋಡು. ನನಗ ತಿಳಿಯಾಂಗಿಲ್ಲ."

ಅಕ್ಕ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಬೆರಳ ಸಂದುಗಳಿಂದ ಹಿಮ್ಮಡಿಯವರೆಗೆ ಮತ್ತೊಮ್ಮೆ ಒತ್ತಿ ನೋಡಿದಳು. "ಒಂದೂ ಇಲ್ಲ," ಎಂದಳು. ಒರೆಸಿ, ಹೊಸ ಪಟ್ಟಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಹಳೆಯದನ್ನು ಒಲೆಗೆ ಹಾಕಿದಳು.