ಗೋಡೆಗೆ ಹಣೆ ಒತ್ತಿದ ನಾಯಿ

ನಮ್ಮ ನಾಯಿ ದೇವರ ಕೋಣೆಯ ಗೋಡೆಗೆ ಹಣೆ ಒತ್ತಿ ನಿಲ್ಲಲು ಶುರು ಮಾಡಿದಾಗ ಅದಕ್ಕೆ ಎಂಟು ತಿಂಗಳು. ಬಿಳಿ ಪಾಮೇರಿಯನ್. ಸಂಡೂರಿನ ಅದಿರು ಲಾರಿಗಳು ಓಡಾಡುವ ಹೊಸಪೇಟೆಯ ನಮ್ಮ ರಸ್ತೆಯಲ್ಲಿ ಬಿಳಿ ಎಂಬುದು ಸ್ನಾನವಾದ ಮೇಲಿನ ಅರ್ಧ ಗಂಟೆಯ ಮಾತು.

ಸಂಜೆ ನಾನು ದೀಪ ಹಚ್ಚುವ ಹೊತ್ತಿಗೇ ಬಂದು ನಿಲ್ಲುತ್ತಿತ್ತು. "ನೋಡಲೇ, ನಿನಗಿಂತ ಭಕ್ತಿ ಐತಿ ಅದಕ್ಕ," ಎಂದಳು ಅವ್ವ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅವ್ವ ಅದನ್ನೂ ಭಕ್ತಿಯೆಂದೇ ತಿಳಿದು ಹಣೆಗೆ ವಿಭೂತಿ ಹಚ್ಚಿದಳು. ಪಕ್ಕದ ಮನೆಯಾಕೆ ನೋಡಲು ಬಂದು, "ಹಿಂದಿನ ಜನ್ಮದಾಗ ಯಾವ್ದೋ ಮಠದಾಗ ಇತ್ತು ಕಾಣ್ತತ್ರಿ," ಎಂದಳು.

ಎಡಗೈ ಜೋಮು ಹಿಡಿದರೆ ಇಸಿಜಿ ತೆಗೆಸುವ ನಾನು ಇದಕ್ಕೆ ಮಾತ್ರ ಹೆದರಲಿಲ್ಲ. ನನ್ನ ಹೆದರಿಕೆಯೆಲ್ಲ ಬೇರೆ ಕಡೆ ಖರ್ಚಾಗಿತ್ತು. ನಾಯಿ ಬೆಳೆಯುತ್ತಿರಲಿಲ್ಲ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಹಾಗಾಗಿ ಎರಡು ತಿಂಗಳಿಂದ ದಿನಾ ದೀಪ ಹಚ್ಚುವ ಮೊದಲು ವಾಕಿಂಗ್ ನೆಪದಲ್ಲಿ ಅದನ್ನು ಕರೆದುಕೊಂಡು ಕಾಲುವೆ ಕಡೆ ಹೋಗಿ, ಅಲ್ಲಿನ ಕೋಳಿ ಅಂಗಡಿಯವನಿಂದ ಬೇಯಿಸಿದ ಲಿವರ್ ಕೊಂಡು ತಿನ್ನಿಸಿ ಬರುತ್ತಿದ್ದೆ. ತಿಂದರೆ ಶಕ್ತಿ ಬರುತ್ತದೆ. ಲಿವರ್ ಬಗ್ಗೆ ನನಗಿದ್ದ ಜ್ಞಾನ ಅಷ್ಟೇ.

ಒಂದು ಸಂಜೆ ಅದು ಗೋಡೆ ಬಿಟ್ಟು ಗಾಣದ ಎತ್ತಿನಂತೆ ಸುತ್ತತೊಡಗಿತು. ಮಂಚದ ಕಾಲಿಗೆ ಬಡಿದು ಬಿತ್ತು. ಮರುದಿನ ಡಾಕ್ಟರ ಮೇಜಿನ ಮೇಲೆ ಏನೂ ಆಗಿಲ್ಲವೆಂಬಂತೆ ಕೂತಿತ್ತು. ಸಂಜೆಯ ಪೂಜೆಯಿಂದ ಹಿಡಿದು ಮಂಚಕ್ಕೆ ಬಡಿದು ಬಿದ್ದದ್ದರವರೆಗೆ ಅವ್ವನೇ ವರದಿ ಒಪ್ಪಿಸಿದಳು. ಅವರು ತುಟಿ ಎತ್ತಿ ಒಸಡು ನೋಡಿದರು, ಹೊಟ್ಟೆ ಒತ್ತಿದರು.

"ಏನ್ ತಿಂತತ್ರಿ?"

"ಹಾಲನ್ನರಿ. ನಮ್ಮನ್ಯಾಗ ಮತ್ತೇನಿರ್ತತಿ," ಎಂದಳು ಅವ್ವ.

"ಮುಂಜಾನಿ ಹಾಲನ್ನ ತಿಂದ್ರ ಏನೂ ಇಲ್ಲ, ಸಂಜಿಗೆ ಮಾತ್ರ ಹಿಂಗ. ಮತ್ತೇನರ ತಿಂತತೇನು? ಖರೇ ಹೇಳ್ರಿ. ಇಲ್ಲಾಂದ್ರ ನಾನು ಮೂರ್ಛಿ ರೋಗ ಅಂತ ಗುಳಿಗಿ ಕೊಟ್ಟು ಕಳಿಸ್ತೀನಿ, ನಾಯಿ ಉಳಿಯಂಗಿಲ್ಲ."

ಅವ್ವನ ಮುಖ ನೋಡದೆ, ಗೋಡೆಗೆ ಅಂಟಿಸಿದ ಲಸಿಕೆ ಪಟ್ಟಿ ಓದುತ್ತಾ ಎಲ್ಲ ಹೇಳಿದೆ. ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿಸಿಕೊಂಡ ದವಡೆಯ ಹಾಗಿತ್ತು ಎದೆ.

"ಹಂಗನ್ರಿ," ಎಂದ ಡಾಕ್ಟರು ಅವ್ವನ ಕಡೆ ತಿರುಗಿದರು. "ಇದು ಪೂಜಿ ಅಲ್ಲ ಯವ್ವಾ. ಇಂಥ ಸಣ್ಣ ಜಾತಿ ನಾಯಿಗೆ ಒಮ್ಮೊಮ್ಮೆ ಹುಟ್ಟಿನಿಂದನ ಒಂದು ರಕ್ತನಾಳ ಲಿವರ್ ಒಳಗ ಹೋಗದ ಹೊರಗಿಂದ ಸುತ್ತಿ ಹೋಗ್ತತಿ. ಮಾಂಸ ತಿಂದಾಗಿನ ಹೊಲಸು ಸ್ವಚ್ಛ ಆಗ್ದಂಗ ತಲಿಗೇರ್ತತಿ. ತಡಿಲಾರ್ದ ಗೋಡಿಗೆ ಹಣಿ ಒತ್ತತತಿ. ಟೆಸ್ಟ್ ಮಾಡಿ ನೋಡೋಣ."

ಖಾಲಿ ಹೊಟ್ಟೆಯಲ್ಲೊಮ್ಮೆ, ತಿಂದು ಎರಡು ಗಂಟೆಯ ಮೇಲೊಮ್ಮೆ ರಕ್ತ ತೆಗೆದರು. ಬಳ್ಳಾರಿಯ ಸ್ಕ್ಯಾನಿಂಗ್‌ನಲ್ಲಿ ಆ ಅಡ್ಡದಾರಿಯ ನಾಳ ಕಂಡಿತು. ಆಪರೇಷನ್‌ಗೆ ಬೆಂಗಳೂರು. ಅಲ್ಲಿಯವರೆಗೆ ಮಾಂಸ ಬಂದ್, ದಿನಾ ಒಂದು ಸಿರಪ್. ಚೀಟಿ ನೋಡಿದರೆ ನನ್ನ ಮಲಬದ್ಧತೆಗೆ ಬರೆದುಕೊಟ್ಟಿರುವ ಅದೇ ಸಿರಪ್. ಈಗ ಇಬ್ಬರಿಗೂ ಒಂದೇ ಬಾಟಲಿ.

ಮೊದಲ ದಿನ ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವ್ವ ಒಂದೇ ಮಾತು ಕೇಳಿದ್ದಳು.

"ಆ ಕೈಲೇನ ದೀಪ ಹಚ್ಚಿದಿ?"

"ತೊಳ್ಕಂಡಿದ್ದೆವ್ವ."

ನಾಯಿ ಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟಿದೆ. ಆಪರೇಷನ್ ತಾರೀಖು ಇನ್ನೂ ಬಂದಿಲ್ಲ. ವಾಕಿಂಗ್ ಮುಗಿಸಿ ಬಂದ ಕೂಡಲೇ ಅವ್ವ ನನ್ನ ಅಂಗೈ ಮೂಸುತ್ತಾಳೆ. ಆಮೇಲೆ ನಾಯಿ ಮೂಸುತ್ತದೆ. ಇಬ್ಬರಿಗೂ ಏನೂ ಸಿಗುವುದಿಲ್ಲ.