ಸಮುದ್ರ ಕಾಣದ ಗಾಲಿ

ನಾನು ನಿಂತಿದ್ದದ್ದು ಹುಕ್ಕೇರಿಯ ನಮ್ಮ ತೋಟದಲ್ಲಿ, ನೀರಿನ ತೊಟ್ಟಿಗೂ ನಾನೇ ಅಗೆದ ಗುಣಿಗೂ ನಡುವೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಒಂದು ಮುಂಜಾನೆ. ಅದಾಗಿ ಎಷ್ಟೋ ವರ್ಷಗಳ ಮೇಲೆ, ಇವತ್ತು ತೊಟ್ಟಿಯ ನಲ್ಲಿ ಮುಚ್ಚಿ ಬಂದು ಅಂಗೈ ಮೂಸಿದೆ. ಹಿತ್ತಾಳೆಯ ವಾಸನೆ. ಕೈ ತೊಳೆಯಲು ಮನಸ್ಸಾಗಲಿಲ್ಲ. ಅದಕ್ಕೇ ನಿಮ್ಮೊಡನೆ ಮಾತಿಗೆ ಕೂತಿದ್ದೇನೆ.

ನಮ್ಮ ಕಾಕಾ, ಅಪ್ಪನ ತಮ್ಮ, ಬ್ರಿಟಿಷರ ಯುದ್ಧದ ಹಡಗಿನಲ್ಲಿದ್ದರು, ಡಿಸ್ಟ್ರಾಯರ್ ಎಂಬ ಜಾತಿಯದು. ಹಿತ್ತಾಳೆ ಗಾಲಿ ತಿರುಗಿಸಿ ಉಗಿಯ ಕೊಳವೆಗಳನ್ನು ತೆರೆದು ಮುಚ್ಚುವುದು ಅವರ ಕೆಲಸ. ಅವರಿಗೆ ಈಜು ಬಾರದು. ನನಗೂ ಬಾರದು, ಆದರೆ ನಾನು ಬಾವಿಯ ದಂಡೆ ದಾಟಿದವನಲ್ಲ. ರಜೆಗೆ ಬಂದರೆ ಎಣ್ಣೆ ಡಬ್ಬಿಯ ಮುಚ್ಚಳವನ್ನೂ ಹಡಗಿನ ಗಾಲಿಯ ಬಿಗಿಯಲ್ಲೇ ಮುಚ್ಚುತ್ತಿದ್ದರು.

"ಇದನ್ನ ಬಿಚ್ಚಾಕ ಘಟಪ್ರಭಾದಿಂದ ಇಂಜಿನ್ ತರಸಬೇಕೇನ್ರಿ?" ಎಂದು ಅವರ ಹೆಂಡತಿ, ನಮ್ಮ ಚಿಗವ್ವ, ಕೆಣಕುವಳು.

"ಸೋರಿದ್ರ ಹಡಗ ಮುಳಗತೈತಿ" ಎಂದು ಕಾಕಾ ನಗುವರು.

ಹಡಗು ಮುಳುಗಿತು. ದೇಹ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತೇವೆ. ಇಲ್ಲಿ ಏನನ್ನು ಹೂಳುವುದು? ಹೂಳದೆ ಕಾಕಾ ಸತ್ತಂತಾಗಲಿಲ್ಲ, ಚಿಗವ್ವ ತಾಳಿ ತೆಗೆಯಲಿಲ್ಲ. ಘಟಪ್ರಭಾ ಸ್ಟೇಶನ್ನಿನ ಕಡೆಯಿಂದ, ಕಾಕಾ ರಜೆಗೆ ಬರುತ್ತಿದ್ದ ಮೋಟಾರಿನ ಸದ್ದಾದರೆ, ರೊಟ್ಟಿ ಬಡಿಯುವ ಅವಳ ಕೈ ನಿಲ್ಲುತ್ತಿತ್ತು.

ಯುದ್ಧ ಮುಗಿದ ಮೇಲೆ ಆ ಜಾತಿಯ ಎಷ್ಟೋ ಹಡಗುಗಳಿಗೆ ನಿವೃತ್ತಿಯಾಯಿತು. ಹಡಗಿಗೂ ನಿವೃತ್ತಿಯುಂಟೆಂದು ನನಗೆ ಗೊತ್ತಾದದ್ದು ಆಗಲೇ. ಅವುಗಳಿಗಾಗಿ ಮಾಡಿಟ್ಟಿದ್ದ ಬಿಡಿಭಾಗಗಳು ಮುಂಬಯಿಯ ಹಳೇ ಸಾಮಾನಿನ ಪೇಟೆಗೆ ಬಂದವು. ಅಪ್ಪ ಹೋಗಿ, ಕಾಕಾನ ಬದಲು ಹೂಳಲೆಂದು, ಅಂಥದೇ ಒಂದು ಗಾಲಿ ತಂದರು. ವಿಧಿ ಮಾಡಿಸಲು ಅಯ್ಯನವರೂ ಬಂದರು.

ಚಿಗವ್ವ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಅವಳ ಸೆರಗು ಹಿಡಿದು ಮಗಳು ನೀಲವ್ವ ನಿಂತಿದ್ದಳು.

"ಭಾವಾರ, ಇದರ ಮ್ಯಾಲ ಒಂದ ಗೀರೂ ಇಲ್ಲಲ್ರಿ?"

"ಹೊಸಾದೈತಿ ಯವ್ವಾ" ಎಂದರು ಅಪ್ಪ. "ಹಡಗಿಂದು ಕೆಟ್ರ ಹಾಕಾಕಂತ ಮಾಡಿಟ್ಟಿದ್ದು. ಪೆಟಿಗ್ಯಾಗ ಇತ್ತು."

"ಅಂದ್ರ ಅವರ ಕೈ ಹತ್ತಿಲ್ಲ, ಸಮುದ್ರಾ ಕಂಡಿಲ್ಲ. ಒಂದ ದಿನಾನೂ ದುಡಿಲಾರದ್ದನ್ನ ಹ್ಯಾಂಗ ಹೂಳತೀರಿ?"

ತೊಟ್ಟಿಯ ನಲ್ಲಿಯ ಹಿಡಿಕೆ ಎಂದೋ ಮುರಿದು, ನಾವು ಇಕ್ಕಳದಿಂದ ತಿರುಗಿಸುತ್ತಿದ್ದೆವು. ಚಿಗವ್ವ ಅಲ್ಲಿಗೆ ನಡೆದಳು. ಗಾಲಿಯ ತೂತು ನಲ್ಲಿಗೆ ದೊಡ್ಡದಾಗಿ, ಸಡಿಲ ಕೂತಿತು. ಸೆರಗಿನ ಅಂಚು ಹರಿದು, ನಲ್ಲಿಯ ಕಡ್ಡಿಗೆ ಸುತ್ತಿ, ಅದರ ಮೇಲೆ ಗಾಲಿಯನ್ನು ಒತ್ತಿ ಕೂಡಿಸಿದಳು. ತಿರುಗಿಸಿದಳು. ನೀರು ಬಂತು.

ಆ ನೀರಿನಲ್ಲಿ ಮುಖ ತೊಳೆದುಕೊಂಡಳು. ಆಮೇಲೆ ತಾನೇ ತಾಳಿ ಬಿಚ್ಚಿ ಅಪ್ಪನ ಮುಂದೆ ಹಿಡಿದಳು.

"ಹೂಳೋದಿದ್ರ ಇದನ್ನ ಹೂಳ್ರಿ. ಇದರ ದುಡಿಮಿ ಮುಗೀತು."

ಅಪ್ಪನ ಕೈ ಮುಂದೆ ಬರಲಿಲ್ಲ. ಅಯ್ಯನವರೇ ಇಸಿದುಕೊಂಡು ಗುಣಿಯಲ್ಲಿಟ್ಟರು. ಮಣ್ಣು ಎಳೆದವನು ನಾನು.

ಗೋಕಾಕದ ಕಮ್ಮಾರನೊಬ್ಬ ಮುಂದೆ ಗಾಲಿಯನ್ನು ಗಟ್ಟಿಯಾಗಿ ಕೂಡಿಸಿಕೊಟ್ಟ. ಚಿಗವ್ವ ಇರುವ ತನಕ ಸಂಜೆ ಅದನ್ನು ಮುಚ್ಚುತ್ತಿದ್ದವಳು ಅವಳೇ, ಅದೇ ಕಾಕಾನ ಬಿಗಿಯಲ್ಲಿ. ಅವಳ ಕೈ ಹಿಡಿಯುತ್ತಿದ್ದ ಕಡೆ ಅಂಚು ಸವೆದು ತೆಳುವಾಗಿದೆ. ಇವತ್ತು ಮುಚ್ಚುವಾಗ ಅಲ್ಲಿಯೇ ಹಿಡಿದೆ. ನೀರು ನಿಂತ ಮೇಲೂ ಕೈ ಇನ್ನೊಂದಿಷ್ಟು ಬಿಗಿಯಿತು.

ಆ ಮುಂಜಾನೆಯನ್ನು ಕಂಡವರಲ್ಲಿ ಈಗ ಉಳಿದವರು ಇಬ್ಬರೇ: ನಾನು, ಮತ್ತು ಮೂಡಲಗಿಗೆ ಕೊಟ್ಟ ನೀಲವ್ವ. ಮೋಟಾರಿನ ಸದ್ದಾದರೆ, ರೊಟ್ಟಿ ಬಡಿಯುವ ಅವಳ ಕೈ ಈಗಲೂ ನಿಲ್ಲುತ್ತದೆ.