ಚನ್ನವ್ವ ಕೊಂಡ ಉದಗಾಂವದ ಮನೆ

ನಾನು ಮದುವೆಯಾಗಿ ಇಚಲಕರಂಜಿಗೆ ಬಂದದ್ದು ೧೯೫೮ರಲ್ಲಿ. ಆ ಊರಿನ ಶಹಾಪುರ ಭಾಗದ ಒಂದು ಚಾಳಿನಲ್ಲಿ ನಮಗೊಂದು ಖೋಲಿ, ಪಕ್ಕದ ಖೋಲಿಯಲ್ಲಿ ಚನ್ನವ್ವ, ಅವಳ ಗಂಡ ಗುರುಸಿದ್ದ ಮತ್ತು ಇಬ್ಬರು ಹೆಣ್ಣುಮಕ್ಕಳು. ಹಿತ್ತಲಿಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಹಗಲೂ ರಾತ್ರಿ ಮಗ್ಗಗಳ ಸದ್ದು. ನಮ್ಮ ಓಣಿಯವರೆಲ್ಲ ಕೂಗಿಯೇ ಮಾತಾಡುತ್ತಿದ್ದರು. ಮೊದಲ ಸಲ ನನ್ನ ಮನೆಗೆ ಬಂದ ಅವ್ವ ಗಾಬರಿಯಾಗಿ, "ರಾಜಮತಿ, ಬಾಜೂದವ್ರು ಯಾಕ ಜಗಳಾಡಾಕತ್ತಾರ?" ಎಂದು ಕೇಳಿದ್ದಳು. ಚನ್ನವ್ವ ಆಗ ಗಂಡನಿಗೆ ಸ್ನಾನಕ್ಕೆ ನೀರು ಕಾದಿದೆ ಎಂದು ಹೇಳುತ್ತಿದ್ದಳು, ಅಷ್ಟೇ.

ಗುರುಸಿದ್ದ ಆ ಶೆಡ್ಡಿನಲ್ಲೇ ನೇಕಾರ. ಚನ್ನವ್ವ ಮನೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನೂ ಅವಳ ಪಕ್ಕ ಕೂತು ಕಲಿತೆ. ಕೈ ನೂಲಿನ ಮೇಲಿದ್ದರೂ ಅವಳ ಮಾತೆಲ್ಲ ಹೊಲದ್ದು. ಗಡಹಿಂಗ್ಲಜ ಕಡೆಯ ಹಳ್ಳಿಯವಳು ಅವಳು. ಗುರುಸಿದ್ದನ ಅಣ್ಣತಮ್ಮಂದಿರು ಪಾಲಾದಾಗ ಅವನಿಗೆ ಬಂದ ಹೊಲದ ಮುರುಕು ತುಂಡನ್ನು ಅವರಿಗೇ ಬಿಟ್ಟುಕೊಟ್ಟು ಈ ಊರಿಗೆ ಬಂದಿದ್ದರು.

"ಸಣ್ಣದಿರಲಿ ರಾಜಾ, ಒಂದು ಹೊಲ ಇರಬೇಕು. ಮುಂಜಾನೆ ಬಾಗಲಾ ತಗದ್ರ ಮಣ್ಣ ಕಾಣಬೇಕು," ಎನ್ನುತ್ತಿದ್ದಳು. ಚಾಳಿನ ಬಾಗಿಲು ತೆಗೆದರೆ ನಮಗೆ ಕಾಣುತ್ತಿದ್ದದ್ದು ಎದುರು ಚಾಳಿನ ಬಾಗಿಲು.

ನನ್ನ ತವರು ಉದಗಾಂವ. ಅಲ್ಲಿ ಊರ ಹೊರಗೆ ಒಂದು ಎರೆಹೊಲ, ಅದರಲ್ಲೊಂದು ಹಳೆಯ ಮನೆ ಮಾರಾಟಕ್ಕಿದೆ ಎಂದು ಅಪ್ಪ ಹೇಳಿಕಳಿಸಿದಾಗ, ನಾನು ಮೊದಲು ಹೇಳಿದ್ದು ಚನ್ನವ್ವನಿಗೆ. ಅದು ಕುರಿ ಸಾಕುವ ಕೃಷ್ಣಾತನ ಹೊಲ. ಅವನು ತಾಯಿ ಯಮುನವ್ವನನ್ನು ಕರೆದುಕೊಂಡು ಹೆಂಡತಿಯ ಊರಿಗೆ, ಗಡಹಿಂಗ್ಲಜಕ್ಕೆ ಹೋಗಿ ನೆಲೆಸುವವನಿದ್ದ. ಅಲ್ಲಿ ಕುರಿಗೆ ಗುಡ್ಡದ ಮೇವು ಹೇರಳವಂತೆ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಂದು ದಿನ ಚನ್ನವ್ವ, ಗುರುಸಿದ್ದ, ನಾನು ಮೂವರೂ ಜಯಸಿಂಗಪುರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಉದಗಾಂವ ಮುಟ್ಟಿದೆವು. ದಾರಿಯುದ್ದಕ್ಕೂ ಕಬ್ಬಿನ ಗಾಣಗಳು ನಡೆದಿದ್ದವು. ಗಾಳಿಯಲ್ಲೆಲ್ಲ ಬೆಲ್ಲದ ವಾಸನೆ. ಚನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮಿಬ್ಬರಿಗಿಂತ ಮುಂದೆ ನಡೆಯುತ್ತಿದ್ದಳು.

ಹೊಲ ಅವಳಿಗೆ ಕಂಡ ಕೂಡಲೇ ಹಿಡಿಸಿತು. ಮನೆಯೂ ಚೆನ್ನಾಗಿಯೇ ಕಂಡಿತು. ಮೂರು ಅಂಕಣದ, ಮಣ್ಣಿನ ಗೋಡೆಯ, ಮಣ್ಣಿನದೇ ಚಾವಣಿಯ ಮಾಳಿಗೆ ಮನೆ, ಮುಂದೆ ಪಡಸಾಲೆ, ಒಳಗೆ ಅಡಿಗೆಮನೆ. ಗೋಡೆಗಳಿಗೆ ಹೊಸದಾಗಿ ಕೆಂಪು ಮಣ್ಣು ಮೆತ್ತಿ ಸಾರಿಸಿದ್ದರು. ಕೃಷ್ಣಾತ ಉತ್ಸಾಹದಿಂದ ತೋರಿಸಿದ.

"ನಮ್ಮ ಮುತ್ಯಾ ಕಟ್ಟಿದ್ದರಿ ಇದು. ಇನ್ನೂ ಭಾಳ ವರ್ಷ ಇದಕ್ಕ ಏನೂ ಆಗೂದಿಲ್ಲ. ನೀವು ಬಂದು ಒಲಿ ಹಚ್ಚೂದ ಬಾಕಿ."

ಅವನ ತಾಯಿ ಯಮುನವ್ವ ಪಡಸಾಲೆಯ ಮೂಲೆಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಚನ್ನವ್ವ ಅಡಿಗೆಮನೆಯಲ್ಲಿ ನಿಂತು, "ರೀ, ಹುಡುಗ್ಯಾರು ಇಲ್ಲಿ ಮಲಗಬಹುದು ನೋಡ್ರಿ, ಒಲಿ ಬಾಜೂಕ ಬೆಚ್ಚಗ," ಎಂದು ಗಂಡನಿಗೆ ಹೇಳಿದಳು. ಅವಳ ಶಹಾಪುರದ ಗಟ್ಟಿ ದನಿ ಆ ಸಣ್ಣ ಮನೆಯ ತುಂಬ ಕೇಳಿಸಿತು.

ಮುದುಕಿ ಎದ್ದು ಒಳಗೆ ಬಂದಳು. ಹಿಂದಿನ ಗೋಡೆಯ ಹತ್ತಿರ ನಿಂತು ಕೈಬಳೆಯ ಅಂಚಿನಿಂದ ಹೊಸ ಮಣ್ಣನ್ನು ಕೆರೆಯತೊಡಗಿದಳು. ಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಒಳಗೆ ಮೇಲಿಂದ ಕೆಳಗೆ ಒಂದು ಬಿರುಕು. ನನ್ನ ಅಂಗೈ ಅದರಲ್ಲಿ ಹೋಗುವಷ್ಟು ಅಗಲ.

"ಇಲ್ಲಿ ನೋಡ್ರಿ," ಎಂದಳು. "ಪ್ರತಿ ಮಳಿಗಾಲಕ್ಕ ಇದು ನೀರ ಕುಡೀತೈತಿ. ಮ್ಯಾಲಿನ ತೊಲಿನೂ ಗೆದ್ದಲ ತಿಂದು ಪೊಳ್ಳಾಗೈತಿ."

"ಯವ್ವಾ, ಗಪ್ಪ ಕುಂಡ್ರತೀಯೋ ಇಲ್ಲೋ!" ಕೃಷ್ಣಾತನ ಮುಖ ಕೆಂಪಾಯಿತು.

"ನಾ ಯಾಕ ಗಪ್ಪ ಕುಂಡ್ರಲಿ? ಈಕಿ ಎರಡು ಹುಡುಗ್ಯಾರನ ತಂದು ಈ ಗ್ವಾಡಿ ಬುಡಕ ಮಲಗಸ್ತೀನಿ ಅಂತಾಳ. ನಾ ಕೇಳಿ ಸುಮ್ಮನ ಇರ್ಲೇನು?"

ಕೃಷ್ಣಾತ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟ. ಗುರುಸಿದ್ದನೂ ಟೊಪ್ಪಿಗೆ ಸರಿಮಾಡಿಕೊಂಡು, "ನಡೀರಿ, ಬಸ್ ಸಿಗಬೇಕು," ಎಂದ. ಚನ್ನವ್ವ ಕದಲಲಿಲ್ಲ. ಬಿರುಕನ್ನು ನೋಡುತ್ತ ನಿಂತವಳು ಮುದುಕಿಯ ಕಡೆ ತಿರುಗಿ ಕೇಳಿದಳು.

"ಹೊಲ ಹೆಂಗೈತಿ ಆಯೀ?"

"ಹೊಲ ಬಂಗಾರ. ಮಣ್ಣ ಮೊಣಕಾಲಮಟ ಇಳದೈತಿ. ಬದುವಿನ ಕಡೆ ಒಂದೀಟು ಜವಳ ಐತಿ, ನೀರ ನಿಲ್ಲತೈತಿ, ಅಲ್ಲಿ ಹತ್ತಿ ಹಾಕಬ್ಯಾಡ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಗುರುಸಿದ್ದ ಸಿಟ್ಟಿನಲ್ಲೇ ಇದ್ದ. ಬೀಳುವ ಮನೆಗೆ ಹೊಸ ಮಣ್ಣು ಮೆತ್ತಿ ಮಾರಲು ನೋಡಿದ ಜನ, ಅವರೊಂದಿಗೆ ಎಂಥ ವ್ಯವಹಾರ ಎಂದು ಅವನ ವಾದ. ಚನ್ನವ್ವ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ದಾರಿಯ ಯಡ್ರಾವ ಊರು ದಾಟುವಾಗ ಅವನ ಕಡೆ ತಿರುಗಿದಳು.

"ಗ್ವಾಡಿ ಬಿರಕ ಬಿಟ್ಟೈತಿ ಅಂತ ಖರೇ ಹೇಳಿದಾಕಿ, ಹೊಲ ಚಲೋ ಐತಿ ಅನ್ನೂದು ಸುಳ್ಳ ಹೇಳ್ಯಾಳೇನ್ರಿ?"

ಇಡೀ ಬಸ್ಸು ತಿರುಗಿ ನೋಡಿತು. ಒಂದು ವಾರ ಯೋಚನೆ ಮಾಡಿ, ಕಡೆಗೆ ಗುರುಸಿದ್ದನೇ ಉದಗಾಂವಕ್ಕೆ ಹೋಗಿ ಮಾತು ಮುಗಿಸಿ ಬಂದ. ಚನ್ನವ್ವನ ಕೊರಳಿನ ಬಂಗಾರದ ಬೋರಮಾಳ ಆ ಹೊಲಕ್ಕೆ ಹೋಯಿತು. ಬರಿಗೊರಳಿನಲ್ಲಿ ಅವಳು ಅಷ್ಟು ಖುಷಿಯಾಗಿ ಓಡಾಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಯಮುನವ್ವನ ಕುಟುಂಬ ಹೊರಡುವ ದಿನ ನಾನೂ ತವರಿನಲ್ಲಿದ್ದೆ. ಚಕ್ಕಡಿಗೆ ಸಾಮಾನು ಹೇರಿದ್ದರು, ಕುರಿಗಳು ಆಗಲೇ ಮುಂದೆ ಹೋಗಿದ್ದವು. ಚನ್ನವ್ವನಿಗೆ ಮನೆ ಕೆಡವುವ ಮನಸ್ಸಿರಲಿಲ್ಲ. ಹತ್ತು ವರ್ಷ ಒಂದೇ ಖೋಲಿಯಲ್ಲಿ ಉಂಡು ಮಲಗಿದವಳಿಗೆ ಆ ಪಡಸಾಲೆ, ಆ ಅಡಿಗೆಮನೆ ಬಿಡಲು ಆಗುತ್ತಿರಲಿಲ್ಲ. ಗೋಡೆಗೆ ಎರಡು ಕಂಬ ಆನಿಸಿ ಮನೆ ಉಳಿಸಿಕೊಳ್ಳೋಣ ಎಂದು ಗಂಡನನ್ನು ಒಪ್ಪಿಸಲು ನೋಡುತ್ತಿದ್ದಳು. ಯಮುನವ್ವನ ಎದುರಿಗೂ ಅದನ್ನೇ ಹೇಳಿದಳು.

"ನೀವು ಬಾಳಿ ಬದುಕಿದ ಮನಿ ಆಯೀ. ಕೆಡವಾಕ ಕೈ ಬರೂದಿಲ್ಲ."

ಮುದುಕಿ ಅವಳ ಗದ್ದ ಹಿಡಿದು ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ಬಾಳೇವು ಮಾಡಿದ್ದು ನಾ, ಆತದು. ನಾಲ್ಕು ಮಕ್ಕಳ ಹಡದೀನಿ ಇಲ್ಲೆ. ಥಂಡ್ಯಾಗ ಕುರಿಮರಿಗೋಳನ ಒಲಿ ಮುಂದ ಮಲಗಿಸಿ ಕಾದೀನಿ. ಇನ್ನ ಇದರಾಗ ಏನೂ ಉಳದಿಲ್ಲ, ಅಂಜಿಕಿ ಒಂದ ಉಳದೈತಿ. ಮಳಿ ಬರೂಕಿಂತ ಮೊದಲ ಕೆಡವು ಮಗಳ. ಈ ಮಣ್ಣ ಚೆಲ್ಲಬ್ಯಾಡ, ಹೊಲಕ್ಕ ಹಾಕು. ಹಳೇ ಗ್ವಾಡಿ ಮಣ್ಣಿಗಿ ಬೆಳಿ ಹೆಂಗ ಬರತೈತಿ ನೋಡೀಯಂತ."

ಚಕ್ಕಡಿ ಹೊರಟಾಗ ಅವಳು ಹಿಂತಿರುಗಿ ನೋಡಲಿಲ್ಲ. ಕೃಷ್ಣಾತ ಮಾತ್ರ ಎರಡು ಸಲ ನೋಡಿದ.

ವೈಶಾಖದಲ್ಲಿ ಮನೆ ಕೆಡವಿದರು. ಗುರುಸಿದ್ದ ಮಾಳಿಗೆಯ ಮಣ್ಣು ಇಳಿಸಿ, ಜಂತಿಗಳನ್ನು ಒಂದೊಂದಾಗಿ ಬಿಚ್ಚಿದ. ಗೆದ್ದಲು ತಿಂದ ತೊಲೆ ಕೆಳಗೆ ಬಿದ್ದ ಕೂಡಲೇ ಪುಡಿಪುಡಿಯಾಗಿ ಹೋಯಿತು. ಅದನ್ನು ಕಂಡು ಚನ್ನವ್ವ ಮಕ್ಕಳಿಬ್ಬರನ್ನೂ ಹತ್ತಿರ ಎಳೆದುಕೊಂಡಳು. ಆಮೇಲೆ ಕೆಡವುವ ಬಗ್ಗೆ ಅವಳು ತಕರಾರು ಮಾಡಲಿಲ್ಲ. ಬುಟ್ಟಿ ಹೊತ್ತು ಗೋಡೆಯ ಮಣ್ಣನ್ನೆಲ್ಲ ಹೊಲಕ್ಕೆ ಸುರಿದವಳು ಅವಳೇ. ನಾನೂ ಅಷ್ಟಿಷ್ಟು ಹೊತ್ತೆ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕೂತು ರೊಟ್ಟಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಮೈಯೆಲ್ಲ ಮಣ್ಣು. ಆ ರೊಟ್ಟಿಯ ರುಚಿ ಮತ್ತೆಲ್ಲೂ ಸಿಕ್ಕಿಲ್ಲ ನನಗೆ.

ಗಟ್ಟಿಯಿದ್ದ ಜಂತಿಗಳನ್ನೇ ಬಳಸಿ ಎರಡು ಅಂಕಣದ ಹೊಸ ಮನೆ ಎದ್ದಿತು. ಮಾಳಿಗೆ ಬೇಡವೆಂದು ಹೆಂಚು ಹೊದಿಸಿದರು. ಚನ್ನವ್ವ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬಂದಳು. ಗುರುಸಿದ್ದ ಒಂದು ವರ್ಷ ಮಗ್ಗ ಬಿಡಲಿಲ್ಲ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಆಮೇಲೆ ಅವನೂ ಬಂದುಬಿಟ್ಟ. ಹೊಸ ಮನೆಯಲ್ಲಿ ಮೊದಮೊದಲು ಚನ್ನವ್ವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ. "ಏನ ಸಪ್ಪಳನ ಇಲ್ಲಲ್ಲ ರಾಜಾ, ಕಿವಿ ಬಿಕೋ ಅಂತಾವ," ಎಂದು ಹಬ್ಬಕ್ಕೆ ಹೋದಾಗ ನನಗೆ ಹೇಳಿದಳು.

ಮನೆ ಕೆಡವಿದ ವರ್ಷವೇ ಗೋಡೆ ಮಣ್ಣು ಬಿದ್ದ ಕಡೆ ಜೋಳ ಆಳೆತ್ತರ ಮೀರಿ ಬೆಳೆಯಿತು. ಸಂಕ್ರಾಂತಿ ಮುಗಿದು ಎಳೆ ಜೋಳದ ತೆನೆಯ ಸೀತನಿ ಸುಡುವ ಕಾಲಕ್ಕೆ ಕೃಷ್ಣಾತನ ಕುರಿಹಿಂಡು ಕೃಷ್ಣಾ ನದಿಯ ದಂಡೆಯ ಕಡೆ ಮೇಯಲು ಬಂತು. ಜೊತೆಗೆ ಯಮುನವ್ವನೂ ಇದ್ದಳು. ಕೃಷ್ಣಾತ ಬದುವಿನ ಆಚೆಯೇ ನಿಂತ, ಒಳಗೆ ಬರಲಿಲ್ಲ. ಮುದುಕಿ ಸೀದಾ ಜೋಳದೊಳಗೆ ನುಗ್ಗಿ ಕಾಣದಾದಳು. ತೆನೆಗಳು ಅಲ್ಲಾಡುವುದರಿಂದಷ್ಟೇ ಅವಳೆಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ಹೊರಗೆ ಬಂದವಳ ಮುಖ ಅರಳಿತ್ತು.

ಗುರುಸಿದ್ದ ಬದುವಿನವರೆಗೆ ಹೋಗಿ ಕೃಷ್ಣಾತನ ಕೈಗೆ ಎಲೆ-ಅಡಿಕೆ ಕೊಟ್ಟ. "ಯಾಕ ಅಲ್ಲೇ ನಿಂತೀರಿ? ಬರ್ರಿ, ಸೀತನಿ ಸುಟ್ಟೇವಿ," ಎಂದ. ಕೃಷ್ಣಾತ ತಲೆ ತಗ್ಗಿಸಿಕೊಂಡು ಬಂದ. ಸುಗ್ಗಿ ಮುಗಿದ ಮೇಲೆ ಯಾರೂ ಕೇಳುವ ಮೊದಲೇ ತನ್ನ ಹಿಂಡನ್ನು ಆ ಹೊಲದಲ್ಲಿ ತರುಬಿ ನಿಲ್ಲಿಸಿ, ಹಿಕ್ಕೆಯ ಗೊಬ್ಬರ ಮಾಡಿಕೊಟ್ಟು ಹೋದ. ಮುಂದೆ ಪ್ರತಿ ವರ್ಷವೂ ಹಾಗೆಯೇ ನಡೆಯಿತು.

೧೯೬೮ರಲ್ಲಿ ಅವನೊಬ್ಬನೇ ಬಂದ. ತಾಯಿಗೆ ಈಗ ನಡೆಯಲಾಗುವುದಿಲ್ಲ ಎಂದ. ಚನ್ನವ್ವ ಮಾರನೆಯ ವಾರವೇ ನನ್ನನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೊರಟಳು. ಯಮುನವ್ವ ಸೊಸೆಯ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಕಣ್ಣು ಮಂಜಾಗಿದ್ದವು, ಆದರೆ ಚನ್ನವ್ವ "ಆಯೀ" ಎಂದು ಕರೆದ ಕೂಡಲೇ ಗುರುತು ಹಿಡಿದು ನಕ್ಕಳು. ಆ ದನಿ ಮರೆಯುವಂಥದ್ದಲ್ಲ.

ನೆರೆಯ ಹೆಂಗಸರು ಯಾರಿವರು ಎಂದು ಸುತ್ತ ನೆರೆದರು. ಮುದುಕಿ ಚನ್ನವ್ವನ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈಕಿನ ನೋಡ್ರಿ ನನ್ನ ಮನಿ ಕೆಡವಿದಾಕಿ!"

ಅವರಿಗೆ ಏನು ತಿಳಿಯಿತೋ, ಕೆಲವರು ಚನ್ನವ್ವನನ್ನು ದುರುಗುಟ್ಟಿ ನೋಡಿದರು. ನಾವು ಮೂವರೂ ನಕ್ಕೆವು. ಆಮೇಲೆ ಸೊಸೆ ತಾಟು ಹಾಕಿದಳು. ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ನಾವು ಹೊರಟುಬಂದೆವು.